ಭಂಡಾರದ ಜಾಮೀನು

ಮನುಷ್ಯನಿಗೂ ಅವನ ರೊಕ್ಕಕ್ಕೂ ನಡುವೆ ಮೂರನೆಯವನೊಬ್ಬ ನಿಲ್ಲಬಾರದು. ನಿಂತರೆ ನ್ಯಾಯ ಕೆಡುತ್ತದೆ, ನೆಂಟಸ್ತನ ಕೆಡುತ್ತದೆ, ಕಡೆಗೆ ದೇಶವೇ ಕೆಡುತ್ತದೆ. ಈ ಮಾತನ್ನು ನಮ್ಮ ಮನೆಯಲ್ಲಿ ಮೊದಲು ಹೇಳಿದವರು ಗದ್ವಾಲದ ನಮ್ಮ ಭಾವ. ಅದರ ಹಿಂದಿನ ವಾರವಷ್ಟೇ ಬ್ಯಾಂಕಿನವರು ಅವರ ಅಂಗಡಿಯ ಬಾಗಿಲಿಗೆ ನೋಟೀಸು ಅಂಟಿಸಿ ಹೋಗಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಗದ್ವಾಲದಲ್ಲಿ ಅವರದು ಬೀಜ ಮತ್ತು ಗೊಬ್ಬರದ ಅಂಗಡಿ. ಐಜದ ಕಡೆಯ ಹತ್ತಿ ರೈತರು ಅವರ ಗಿರಾಕಿಗಳು. ಹಣೆಯ ತುಂಬ ಭಂಡಾರ ಬಳಿದುಕೊಳ್ಳದೆ ಗಲ್ಲಾಪೆಟ್ಟಿಗೆ ತೆರೆಯುವವರಲ್ಲ. ಭಂಡಾರ ಎಂದರೆ ಬೇರೇನಲ್ಲ, ಬೀರಪ್ಪನ ಗುಡಿಯ ಅರಿಷಿಣದ ಪುಡಿ. ನಮ್ಮದು ಕುರಿ ಕಾಯ್ದ ಮನೆತನ. ಈಗ ಯಾರ ಮನೆಯಲ್ಲೂ ಕುರಿ ಇಲ್ಲ, ಆದರೆ ಭಂಡಾರದ ಡಬ್ಬಿ ಎಲ್ಲರ ಮನೆಯಲ್ಲೂ ಇದೆ. ಭಾವನ ಮನೆಯ ಡಬ್ಬಿ ಎಲ್ಲಕ್ಕಿಂತ ದೊಡ್ಡದು.

ಅವರು ಆ ಮಾತು ಹೇಳಿದ್ದು ಮಕ್ತಲದ ನಮ್ಮ ಪಡಸಾಲೆಯಲ್ಲಿ. ಹೈದರಾಬಾದು ರಾಜಧಾನಿಯಾದ ಹೊಸ ರಾಜ್ಯ ಬಂದಿತ್ತು, ಹಳೆಯ ನೋಟು ಹೋಗಿದ್ದವು, ಬ್ಯಾಂಕಿನ ಮುಂದಿನ ಸಾಲಿನಲ್ಲಿ ನಿಂತು ನಿಂತು ಊರಿನ ಅರ್ಧ ಜನರಿಗೆ ಇನ್ನರ್ಧ ಜನರ ಪರಿಚಯವಾಗಿತ್ತು. ನಮ್ಮ ಅವ್ವನಿಗೆ ಬ್ಯಾಂಕಿನ ಮೇಲೆ ಆಗಲೇ ಹಗೆ ಹುಟ್ಟಿತ್ತು. ಜೀವನವಿಡೀ ಸಗಣಿ ಬಳಿದ, ರೊಟ್ಟಿ ಬಡಿದ ಆಕೆಯ ಹೆಬ್ಬೆಟ್ಟು ಅಲ್ಲಿಯ ಯಂತ್ರಕ್ಕೆ ಗುರುತು ಸಿಗಲಿಲ್ಲ. ಇದು ನಿಮ್ಮ ಬೆರಳಲ್ಲ ಎಂದು ಮ್ಯಾನೇಜರು ಹಿಂದಿಯಲ್ಲಿ ಹೇಳಿದ. ಯಂತ್ರ ಅವ್ವನನ್ನು ಗುರುತಿಸಲಿಲ್ಲ, ಆದರೆ ಅವ್ವ ಆ ಯಂತ್ರವನ್ನು ಗುರುತಿಟ್ಟುಕೊಂಡಳು. ಅದರ ಮ್ಯಾನೇಜರನನ್ನೂ.

ಇನ್ನು ದಲ್ಲಾಳಿಯ ವಿಷಯ. ಅವನು ಕೋಸಗಿಯವನು. ತೆಳ್ಳಗಿನ ಆಳು, ಹೆಗಲಿಗೊಂದು ಟವೆಲ್ಲು, ಬಿಸಿಲಿರಲಿ ಮೋಡವಿರಲಿ ಕೈಯಲ್ಲೊಂದು ಛತ್ರಿ. ಬ್ಯಾಂಕಿನ ಒಳಗಿನವರಿಗಿಂತ ಅವನಿಗೆ ಬ್ಯಾಂಕು ಚೆನ್ನಾಗಿ ಗೊತ್ತಿತ್ತು. ಸಾಲ ಕೊಡಿಸಿದರೆ ನೂರಕ್ಕೆ ಎರಡು ಅವನದು. ಕೊಟ್ಟ ಸಾಲ ವಾಪಸು ಬರದಿದ್ದರೆ ವಸೂಲಿಗೂ ಅವನೇ, ಆಗಲೂ ನೂರಕ್ಕೆ ಎರಡು. ಮದುವೆಗೂ ಮಣ್ಣಿಗೂ ಒಂದೇ ದಕ್ಷಿಣೆ ತೆಗೆದುಕೊಳ್ಳುವ ಪುರೋಹಿತನಂಥವನು.

ಅವನ ವಸೂಲಿಯ ರೀತಿಯನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ಅವನು ಬೈಯುತ್ತಿರಲಿಲ್ಲ, ಬೆದರಿಸುತ್ತಿರಲಿಲ್ಲ, ರೊಕ್ಕದ ಮಾತನ್ನೇ ಎತ್ತುತ್ತಿರಲಿಲ್ಲ. ಸರಿಯಾಗಿ ಊಟದ ಹೊತ್ತಿಗೆ ಬಂದು ಸಾಲಗಾರನ ಕಟ್ಟೆಯ ಮೇಲೆ ಕೂಡುತ್ತಿದ್ದ. ನಮ್ಮ ಕಡೆ ಕಟ್ಟೆಯ ಮೇಲೊಬ್ಬ ಹಸಿದು ಕೂತಿರುವಾಗ ಒಳಗೆ ಉಣ್ಣಲು ಬರುವುದಿಲ್ಲ. ಗಂಟಲಲ್ಲಿ ರೊಟ್ಟಿ ಇಳಿಯುವುದಿಲ್ಲ. ಕರೆಯಲೇಬೇಕು. ಕರೆದರೆ ಬರುತ್ತಿದ್ದ, ಕೈ ತೊಳೆಯುತ್ತಿದ್ದ, ಉಣ್ಣುತ್ತಿದ್ದ, ರೊಟ್ಟಿಗೆ ಹಚ್ಚಿಕೊಳ್ಳಲು ಹಾಕಿದ ಶೇಂಗಾ ಹಿಂಡಿಯನ್ನು ಮನಸಾರೆ ಹೊಗಳುತ್ತಿದ್ದ, ಹೋಗುತ್ತಿದ್ದ. ಮರುದಿನ ಮತ್ತೆ ಬರುತ್ತಿದ್ದ. ಕೋಸಗಿಯಿಂದ ಗದ್ವಾಲದವರೆಗೆ ಅವನನ್ನು ಅರಿಯದವರಿರಲಿಲ್ಲ. ಅವನು ಕೂತ ಕಟ್ಟೆ ಯಾರದೋ ಆ ಮನೆಯವನು ಸಾಲಗಾರನೆಂದೇ ಲೆಕ್ಕ. ಬ್ಯಾಂಕಿನ ನೋಟೀಸನ್ನಾದರೂ ಹರಿದು ಬಿಸಾಡಬಹುದು. ಈ ನೋಟೀಸಿಗೆ ಹೊಟ್ಟೆ ಇತ್ತು.

ನನ್ನ ತಂಗಿ ಅವನನ್ನು ಕಂಡರೆ ಉರಿದು ಬೀಳುತ್ತಿದ್ದಳು. ಆಕೆಯದು ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ, ಬಾಡಿಗೆಯ ಮಳಿಗೆ. ನೇಕಾರರ ಮನೆಮನೆಗೆ ತಾನೇ ಹೋಗಿ ಚೌಕಳಿ ಸೀರೆ ಆರಿಸಿ ತಂದು ಮಾರುತ್ತಾಳೆ. ಏಜೆಂಟರಿಗೆ ಒಂದು ಪೈಸೆ ಕೊಟ್ಟವಳಲ್ಲ ಎಂದು ಎಲ್ಲರಿಗೂ ಹೇಳುತ್ತಾಳೆ. ನೇಕಾರನಿಗೂ ಉಡುವವಳಿಗೂ ನಡುವೆ ನಿಂತವಳು ಆಕೆಯೇ ಎಂದು ನಾನೊಮ್ಮೆ ಹೇಳಿದ್ದಕ್ಕೆ, ಅದು ವ್ಯಾಪಾರ ಎಂದಳು. ಇರಬಹುದು.

ಒಂದು ಸಲ ಆಕೆಯ ಬ್ಯಾಂಕ್ ಸಾಲದ ಕಂತು ತಡವಾಗಿ, ದಲ್ಲಾಳಿ ಬಂದು ಮಳಿಗೆಯ ಕಟ್ಟೆಯ ಮೇಲೆ ಕೂತ. ಆಕೆ ಕೊಡ ತಂದು, ಕಟ್ಟಿ ತೊಳಿಬೇಕು ಏಳ್ರಿ ಎಂದಳು. ಅವನು ಎದ್ದ. ಆಕೆ ನೀರು ಸುರಿದು ತಿಕ್ಕಿ ತೊಳೆದಳು. ಅವನು ಟವೆಲ್ಲು ಹಾಸಿ ಆ ಹಸಿಯ ಮೇಲೆಯೇ ಕೂತ. ಆಕೆ ಆ ಸಂಜೆಯೇ ಕಂತು ಕಟ್ಟಿದಳು, ಜೊತೆಗೆ ಇನ್ನು ಈ ಕಟ್ಟಿ ಹತ್ತಿದ್ರ ಕಾಲು ಮುರೀತೀನಿ ಎಂದೂ ಹೇಳಿ ಕಳಿಸಿದಳು.

ಹೀಗೆ ಮೂವರಿಗೂ ಒಂದೊಂದು ಕಾರಣವಿತ್ತು: ಅವ್ವನಿಗೆ ಹೆಬ್ಬೆಟ್ಟು, ತಂಗಿಗೆ ಕಟ್ಟೆ, ಭಾವನಿಗೆ ನೋಟೀಸು. ಬ್ಯಾಂಕನ್ನೂ ದಲ್ಲಾಳಿಯನ್ನೂ ಒಟ್ಟಿಗೆ ಕಿತ್ತೆಸೆಯಬೇಕೆಂದು ಸರ್ವಾನುಮತದಿಂದ ಠರಾವಾಯಿತು. ನಮ್ಮ ನಮ್ಮ ಮನೆಗಳು ತಿಂಗಳು ತಿಂಗಳು ರೊಕ್ಕ ಹಾಕುವುದು, ಅವ್ವನ ಮಂಚದ ಕೆಳಗಿನ ಟ್ರಂಕಿನಲ್ಲಿ ಕೂಡಿಡುವುದು, ಸರತಿಯ ಮೇಲೆ ಒಬ್ಬೊಬ್ಬರು ದೊಡ್ಡ ಗಂಟು ತೆಗೆದುಕೊಳ್ಳುವುದು, ಆಮೇಲೆ ಕಂತಿನಲ್ಲಿ ತಿರುಗಿ ತುಂಬುವುದು. ಬಡ್ಡಿ ಇಲ್ಲ, ಕಮಿಷನ್ ಇಲ್ಲ, ಹಿಂದಿ ಇಲ್ಲ.

ನಾನು ಕೋರ್ಟಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಇಂಥ ಕಾರ್ಯಕ್ಕೆ ಒಂದು ಕರಾರು ಬೇಕೇ ಬೇಕೆಂದು ಸ್ಟಾಂಪ್ ಕಾಗದ ತಂದು, ಷರತ್ತುಗಳನ್ನು ಜೋಡಿಸಿ, ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ತಪ್ಪಿದಲ್ಲಿ ಎಂಬ ಶಬ್ದಕ್ಕೆ ಬರುವಷ್ಟರಲ್ಲಿ ಅವ್ವ ಕೈಯೆತ್ತಿದಳು.

“ತಪ್ಪೋದು ಅಂದ್ರ? ಯಾರು ತಪ್ಪವರು? ಕಾಗದ ಒಳಗ ಇಡು. ಭಂಡಾರ ತಗೊಂಬಾ.”

ಡಬ್ಬಿ ಬಂತು. ಎಲ್ಲರೂ ಅದರಲ್ಲಿ ಕೈ ಅದ್ದಿ, ತೆಗೆದುಕೊಂಡದ್ದನ್ನು ತಿರುಗಿ ಕೊಡುತ್ತೇವೆ ಎಂದು ಆಣೆ ಮಾಡಿದೆವು. ಭಾವ ಎರಡೂ ಕೈ ಅದ್ದಿದರು.

ಇಲ್ಲಿ ನಮ್ಮ ಮನೆತನದ ಒಂದು ಕಟ್ಟಳೆಯನ್ನು ಹೇಳಲೇಬೇಕು. ಭಂಡಾರ ಮುಟ್ಟಿ ಸಾಲ ತೆಗೆದುಕೊಂಡವನನ್ನು, ಭಂಡಾರ ಮುಟ್ಟಿದ ಇನ್ನೊಬ್ಬ ಕೇಳಬಾರದು. ಯಾವಾಗ ಕೊಡುತ್ತೀ ಎಂದು ಕೇಳಿದರೆ, ಬೀರಪ್ಪ ನೀನು ಖರೇ ಇದ್ದೀಯೋ ಇಲ್ಲವೋ ಎಂದು ದೇವರನ್ನೇ ಕೇಳಿದ ಹಾಗೆ. ಕೇಳಿದವನು ಗುಡಿಯ ಮುಂದೆ ಕಂಬಳಿ ಹೊದ್ದು ಅಡ್ಡಬಿದ್ದು, ಟಗರು ಕಡಿದು ಇಡೀ ಬಳಗಕ್ಕೆ ಉಣ್ಣಿಸಿ ತಪ್ಪೊಪ್ಪಿಕೊಳ್ಳಬೇಕು. ಸಾಲಗಾರ ಆ ಪಂಕ್ತಿಯಲ್ಲಿ ಮೊದಲು ಕೂಡುತ್ತಾನೆ. ಅಜ್ಜಂದಿರ ಕಾಲಕ್ಕೆ ಇದು ಚೆನ್ನಾಗಿಯೇ ನಡೆದಿರಬೇಕು. ಆಗ ಎಲ್ಲರ ಕುರಿಯೂ ಒಂದೇ ಹಟ್ಟಿಯಲ್ಲಿದ್ದವು. ತೆಗೆದುಕೊಂಡವನು ಬೆಳಗೆದ್ದು ಕೊಟ್ಟವನ ಮುಖವನ್ನೇ ನೋಡಬೇಕಿತ್ತು. ಕೇಳುವ ಅಗತ್ಯವೇ ಇರಲಿಲ್ಲ. ಈಗ ಭಾವನ ಮುಖ ನೋಡಬೇಕೆಂದರೆ ಬಸ್ಸು ಹತ್ತಿ ಕೃಷ್ಣೆ ದಾಟಬೇಕು.

ಮೊದಲ ಸರತಿ ಭಾವನಿಗೆ ಹೋಯಿತು, ನೋಟೀಸಿನ ಕಾರಣ. ಅವರು ಆ ಗಂಟನ್ನು ಒಯ್ದು ಬ್ಯಾಂಕಿನ ಬಾಕಿ ತೀರಿಸಿದರು. ಇಷ್ಟು ಒಳ್ಳೆಯ ಗಿರಾಕಿ ಎಂದು ಬ್ಯಾಂಕಿನವರು ಸಂತೋಷಪಟ್ಟು ಇನ್ನೊಂದು ಸಾಲ ಕೊಟ್ಟರು. ಅದರಲ್ಲಿ ಭಾವ ಒಂದು ಬಿಳಿ ಕಾರು ತೆಗೆದುಕೊಂಡರು. ಮುಂದಿನ ಗಾಜಿನ ಮೇಲೆ ಬೀರಪ್ಪನ ಕೃಪೆ ಎಂದು ಬರೆಸಿದರು. ಕೃಪೆ ಯಾರದೆಂದು ನಮಗೆ ಗೊತ್ತಿತ್ತು. ಮೊದಮೊದಲು ಕಂತು ಬಂದವು, ಆಮೇಲೆ ತಡವಾಗಿ ಬಂದವು, ಆಮೇಲೆ ಕಂತಿನ ಬದಲು ಭಾವನೇ ಕಾರಿನಲ್ಲಿ ಬಂದು ಊಟ ಮಾಡಿ ಹೋಗತೊಡಗಿದರು.

ಅಷ್ಟರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಬೋರ್ಡು ಬದಲಾದವು, ಆಫೀಸುಗಳು ಬಂದವು, ಹೆದ್ದಾರಿಯ ಮಗ್ಗುಲಿನ ಕಲ್ಲು ಬಂಡೆಗೂ ರೇಟು ಬಂತು. ತಂಗಿಯ ಮಳಿಗೆಯ ಮಾಲೀಕ ಹೈದರಾಬಾದಿನಲ್ಲಿರುತ್ತಿದ್ದ. ಅವನು ಫೋನು ಮಾಡಿ, ಮಳಿಗೆ ಮಾರುತ್ತೇನೆ, ದಸರೆಯೊಳಗೆ ನೀವು ತೆಗೆದುಕೊಂಡರೆ ಸರಿ, ಇಲ್ಲದಿದ್ದರೆ ಖಾಲಿ ಮಾಡಿ ಎಂದ. ಆಕೆಗೆ ಆ ಮಳಿಗೆ ಬರೀ ನಾಲ್ಕು ಗೋಡೆಯಲ್ಲ. ನೇಕಾರರು ಸೀರೆ ತಂದು ಇಳಿಸುವುದು ಆ ಕಟ್ಟೆಯ ಮೇಲೆ, ಗಿರಾಕಿಗಳು ಅಂಚು ಬೆಳಕಿಗೆ ಹಿಡಿದು ನೋಡುವುದು ಆ ಬಾಗಿಲಲ್ಲಿ. ಅಲ್ಲಿಂದ ಎಬ್ಬಿಸಿದರೆ ಒಳ ಓಣಿಗೆ ಹೋಗಬೇಕು. ಒಳ ಓಣಿಗೆ ಹೋದ ಸೀರೆ ಅಂಗಡಿಯನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಆಕೆಯ ಗಂಡ ಒಳ್ಳೆಯವನು. ಅದಕ್ಕಿಂತ ಹೆಚ್ಚಿನದನ್ನು ಅವನ ಬಗ್ಗೆ ಹೇಳಲು ಬರುವುದಿಲ್ಲ. ಮನೆ ನಡೆಯುತ್ತಿದ್ದದ್ದು ಮಳಿಗೆಯಿಂದ.

ಸರತಿ ಆಕೆಯದೇ ಇತ್ತು. ಅವ್ವ ಟ್ರಂಕು ಎಳೆಸಿದಳು. ತೆರೆದು ನೋಡಿದರೆ ಇರಬೇಕಾದದ್ದರಲ್ಲಿ ಅರ್ಧ ಇತ್ತು. ಉಳಿದರ್ಧ ಗದ್ವಾಲದ ರಸ್ತೆಯ ಮೇಲೆ ಹಾರ್ನ್ ಹೊಡೆಯುತ್ತಾ ಓಡಾಡುತ್ತಿತ್ತು.

ಕೇಳುವಂತಿಲ್ಲ. ಕೇಳದೆ ತಿಳಿಯಪಡಿಸುವ ಕಲೆಯನ್ನು ನಾವು ಆಗ ಅಭ್ಯಾಸ ಮಾಡಿದೆವು. ಮಳಿಗೆ ಮಾರಾಟಕ್ಕಿರುವ ಸುದ್ದಿಯನ್ನು ನಾನು ಭಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಈಗಿನ ಕಾಲವೇ ಹಾಗೆ ಎಂದರು. ತಂಗಿ ಗದ್ವಾಲಕ್ಕೇ ಹೋದಳು, ಜೊತೆಗೆ ನನ್ನನ್ನೂ ಕರೆದೊಯ್ದಳು. ಭಾವ ಹಣೆಯ ಭಂಡಾರ ಸರಿಮಾಡಿಕೊಳ್ಳುತ್ತಾ ಆಕೆಯ ಕಷ್ಟವನ್ನೆಲ್ಲ ಕೇಳಿ, ನಿಟ್ಟುಸಿರು ಬಿಟ್ಟರು.

“ನೋಡವಾ, ಎಲ್ಲಾ ಬೀರಪ್ಪ ನೋಡ್ಕೊಂತಾನ.”

“ನೋಡ್ಲಿ ಭಾವ. ನೋಡಾಕ ಮಳಿಗಿ ಇರಬೇಕಲ್ಲ.”

ಆಗ ಭಾವ ತೆಲುಗಿಗೆ ಇಳಿದರು. ಬಿಕ್ಕಟ್ಟು ಬಂದಾಗಲೆಲ್ಲ ಅವರು ತೆಲುಗಿಗೆ ಇಳಿಯುತ್ತಾರೆ. ಇಸ್ತಾನಮ್ಮಾ, ಇಸ್ತಾನು ಎಂದರು; ಕೊಡುತ್ತೇನಮ್ಮಾ, ಕೊಡುತ್ತೇನೆ. ಆಣೆ ಮಾಡಿದ್ದು ಕನ್ನಡದಲ್ಲಿ, ಆದ್ದರಿಂದ ತೆಲುಗಿನ ಮಾತಿಗೆ ದೇವರ ಹತ್ತಿರ ಲೆಕ್ಕವಿಲ್ಲ ಎಂದು ಅವರು ತಿಳಿದಿದ್ದರೋ ಏನೋ. ನಾವು ಅಕ್ಕನ ಕೈಯ ರೊಟ್ಟಿ ಉಂಡು ಬರಿಗೈಯಲ್ಲಿ ಬಸ್ಸು ಹತ್ತಿದೆವು. ದಸರೆ ಹತ್ತಿರ ಬರುತ್ತಿತ್ತು.

ಬಸ್ಸಿನಲ್ಲಿ ತಂಗಿ ಟಿಕೆಟ್ಟಿನ ಚಿಲ್ಲರೆ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ, ಕೋರ್ಟಿನ ಗುಮಾಸ್ತನನ್ನು ಕೇಳುವ ಹಾಗೆಯೇ ಕೇಳಿದಳು.

“ಅಣ್ಣಾ, ಕೇಳಬಾರದು ಅಂತ ಐತಿ. ಯಾರು ಕೇಳಬಾರದು?”

“ಭಂಡಾರ ಮುಟ್ಟಿದವರು.”

“ಮುಟ್ಟದವರು?”

ನಾನು ಮೂವತ್ತು ವರ್ಷ ವಕೀಲರ ಮಾತು ಕೇಳಿದವನು. ಇಷ್ಟು ಸಣ್ಣ ಪ್ರಶ್ನೆಯಲ್ಲಿ ಇಷ್ಟು ದೊಡ್ಡ ಬಾಗಿಲು ತೆರೆದದ್ದನ್ನು ಕಂಡಿರಲಿಲ್ಲ. ಮಕ್ತಲದಲ್ಲಿ ಇಳಿದು ನೇರವಾಗಿ ಅವ್ವನ ಮುಂದೆ ಪ್ರಕರಣ ಮಂಡಿಸಿದೆವು. ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದಳು, ಎಲೆ ಮಡಚಿ ಬಾಯಿಗಿಟ್ಟುಕೊಂಡಳು. ಆಮೇಲೆ ಫೈಸಲಾ ಹೇಳಿದಳು.

“ಹೊರಗಿನವ ಬಂದು ಕುಂತ್ರ, ಉಂಡ್ರ, ಅದಕ್ಕ ನಾವೇನು ಮಾಡೋಣು? ಉಣ್ಣಾಕ ಬಂದವರನ್ನ ಏಳು ಅನ್ನಾಕ ಬರಾಂಗಿಲ್ಲ.”

ಮರುದಿನ ತಂಗಿ ಕೋಸಗಿಗೆ ಹೋದಳು. ನಾನು ಸಾಕ್ಷಿಯಾಗಿ ಹೋದೆ. ದಲ್ಲಾಳಿ ಮಾರ್ಕೆಟ್ ಯಾರ್ಡಿನ ಬೇವಿನ ಮರದ ಕೆಳಗೆ ಛತ್ರಿ ಊರಿಕೊಂಡು ಕೂತಿದ್ದ. ಎದ್ದು ನಮಸ್ಕಾರ ಮಾಡಿ, ಕಾಲನ್ನು ಮಾತ್ರ ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ.

“ಅಕ್ಕಾರ, ಮುರಿಯಾಕ ಬಂದ್ರೋ ಏನು?”

“ಕೆಲಸ ಐತಿ ಅಂತ ಬಂದೀನಿ. ಇಲ್ಲಂದ್ರ ನಿನ್ನ ಮಾರಿ ನೋಡಾಕ ಬಸ್ ಚಾರ್ಜು ಯಾರು ಕೊಡ್ತಾರ?”

ವಿಷಯ ಕೇಳಿ ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬ್ಯಾಂಕು ಬೇಡ, ಬಡ್ಡಿ ಬೇಡ, ತಾನೂ ಬೇಡ ಎಂದು ಮಾಡಿಕೊಂಡ ವ್ಯವಹಾರ ಇದೇ ಅಲ್ಲವೇ ಎಂದು ವಿನಯದಿಂದ ಕೇಳಿದ. ಅದೇ ಎಂದೆವು. ಅವನ ಮುಖದಲ್ಲಿ ನಗು ಇರಲಿಲ್ಲ; ಇದ್ದಿದ್ದರೆ ನಾನು ಇಷ್ಟು ದ್ವೇಷಿಸುತ್ತಿರಲಿಲ್ಲ. ನೂರಕ್ಕೆ ಮೂರು ಆಗುತ್ತದೆ ಎಂದ. ಯಾವಾಗಿನಿಂದ ಮೂರು ಎಂದು ತಂಗಿ ಕೇಳಿದಳು.

“ಸಾಲಗಾರನ ಎದುರು ಕುಂತ್ರ ಎರಡು ಅಕ್ಕಾರ. ಇಲ್ಲಿ ನಡುವ ದೇವರು ಅದಾನ. ದೇವರ ಎದುರು ಕುಂತ್ರ ಮೂರು.”

ತಂಗಿ ಒಪ್ಪಿದಳು. ಒಪ್ಪುವಾಗ ಬಳಸಿದ ಶಬ್ದಗಳನ್ನು ಇಲ್ಲಿ ಬರೆಯುವುದಿಲ್ಲ.

ಆ ವಾರವೇ ಅವನು ಗದ್ವಾಲಕ್ಕೆ ಹೋಗಿ, ಧರ್ಮಶಾಲೆಯೊಂದರಲ್ಲಿ ಉಳಿದುಕೊಂಡು, ಭಾವನ ಕಟ್ಟೆ ಹತ್ತಿದ. ಭಾವನ ಮನೆ ಮತ್ತು ಅಂಗಡಿ ಒಂದೇ ಕಟ್ಟಡ. ಮುಂದೆ ಅಂಗಡಿ, ಹಿಂದೆ ಅಡುಗೆ ಮನೆ, ಎರಡಕ್ಕೂ ಒಂದೇ ಕಟ್ಟೆ. ಮೊದಲ ದಿನ ಭಾವ ಗೊಬ್ಬರ ಕೊಳ್ಳಲು ಬಂದವನೆಂದು ತಿಳಿದು ತಾವೇ ಊಟಕ್ಕೆ ಕರೆದರು. ಮುಖ ಸರಿಯಾಗಿ ನೋಡಿದ ಮೇಲೆ ಅವರಿಗೆ ಊಟ ಸೇರಲಿಲ್ಲ. ಅವನು ಇಬ್ಬರ ಪಾಲಿನದನ್ನೂ ಉಂಡ.

ಅಕ್ಕ ದಿನವೂ ಫೋನು ಮಾಡುತ್ತಿದ್ದಳು. ಯಾರು ಕಳಿಸಿದರೆಂದು ಆಕೆ ಕೇಳಲಿಲ್ಲ, ನಾವು ಹೇಳಲಿಲ್ಲ. ಭಾವ ಊಟದ ಹೊತ್ತನ್ನು ಮುಂದಕ್ಕೆ ಹಾಕಿದರೆ ಅವನು ಮುಂದಿನ ಹೊತ್ತಿಗೂ ಕೂತಿರುತ್ತಿದ್ದ; ಹಿಂದಕ್ಕೆ ತಂದರೆ ಆಗಲೂ ಕೂತಿರುತ್ತಿದ್ದ. ಭಾವ ಒಮ್ಮೆ ಹೋಟೆಲಿಗೆ ಹೋಗಿ ಉಂಡು ಬಂದರು; ಅಷ್ಟರಲ್ಲಿ ಇವನು ಒಳಗೆ ಉಂಡು, ಕಟ್ಟೆಯ ಮೇಲೆ ಟವೆಲ್ಲು ಹಾಸಿ ಮಲಗಿದ್ದ. ತಾನು ಯಾರ ಸಾಲಗಾರನೂ ಅಲ್ಲ ಎಂದು ಓಣಿಗೆ ಹೇಳಲು ಭಾವನಿಗೆ ಬಾಯಿ ಬರಲಿಲ್ಲ. ಎರಡೂ ಕೈ ಅದ್ದಿದ್ದು ಅವರಿಗೆ ನೆನಪಿತ್ತು ಎಂಬುದಕ್ಕೆ ಇದೊಂದೇ ಸಾಕ್ಷಿ. ನ್ಯಾಯವಾಗಿ ಇದನ್ನು ಅವರ ಖಾತೆಗೆ ಜಮಾ ಮಾಡುತ್ತೇನೆ.

ಅಕ್ಕನಿಗೆ ಮೈಸರಿಯಿಲ್ಲ ಎಂಬ ನೆಪ ಮಾಡಿಕೊಂಡು ನಾನು ಹೋದ ದಿನ, ಅಂಗಡಿಯ ಮುಂದೆ ಐಜದ ಕಡೆಯ ರೈತರು ಕೆಲವರು ಹಿಂಗಾರಿನ ಶೇಂಗಾ ಬೀಜಕ್ಕೆ ಮುಂಗಡ ಕೊಡಲು ಬಂದು ನಿಂತಿದ್ದರು. ಅವರಲ್ಲಿ ಹಿರಿಯನೊಬ್ಬ ಕಟ್ಟೆಯ ಮೇಲೆ ಕೂತವನನ್ನು ನೋಡಿದ, ಜೇಬಿಗೆ ಹೋದ ಕೈಯನ್ನು ಅಲ್ಲೇ ಬಿಟ್ಟ. ಇವರು ಯಾಕೆ ಇಲ್ಲಿ ಕೂತಿದ್ದಾರೆ ಎಂದು ಭಾವನನ್ನು ಕೇಳಿದ.

“ಇವ ಯಾರೋ ನನಗ ಗೊತ್ತಿಲ್ಲ,” ಎಂದರು ಭಾವ.

ಅಡುಗೆ ಮನೆಯಿಂದ ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮದುವೆಯಾದಾಗಿನಿಂದ ಆಕೆ ಅಂಗಡಿಯ ಬಾಗಿಲು ದಾಟಿ ಬಂದು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

“ಗೊತ್ತಿಲ್ಲದವಗ ನಾ ದಿನಾ ಯಾಕ ರೊಟ್ಟಿ ಬಡಿಯಾಕತ್ತೀನಿ? ಅವಗ ಬಡದು ಬಡದು ನನ್ನ ರಟ್ಟಿ ಹೋದ್ವು. ಕೊಡೂದು ಕೊಟ್ಟು ಕಳಸ್ರಿ. ಇಲ್ಲಂದ್ರ ನಾಳಿಂದ ನೀವ ಬಡೀರಿ.”

ರೈತರು ದಲ್ಲಾಳಿಯ ಕಡೆ ತಿರುಗಿದರು. ಅವನು ಛತ್ರಿಯ ಹಿಡಿಕೆಯ ಮೇಲೆ ಗದ್ದ ಇಟ್ಟುಕೊಂಡು, ನಾನೇನೂ ಕೇಳಿಲ್ಲರೀ, ಉಣ್ಣಾಕ ಬಂದೀನಿ ಎಂದ. ಅದು ಅಕ್ಷರಶಃ ಸತ್ಯವಾಗಿತ್ತು. ರೈತರು ನಾಳೆ ಬರುತ್ತೇವೆ ಎಂದು ಹೇಳಿ, ಮೂರು ಅಂಗಡಿಯಾಚೆ ಇದ್ದ ಇನ್ನೊಂದು ಬೀಜದ ಅಂಗಡಿಗೆ ಹೋದರು. ಭಾವ ಅವರ ಬೆನ್ನು ಕಾಣುವವರೆಗೆ ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನನ್ನು ಏಕವಚನದಲ್ಲಿ ಬೈದರು. ಕನ್ನಡದಲ್ಲಿ.

“ಕರುಳ ಬಳ್ಳಿ ಅಂತ ನಂಬಿದ್ನಲೋ. ಕಟ್ಟೀಗೆ ನಾಯಿ ತಂದು ಕಟ್ಟಿದ್ರೇನೋ?”

ನಾನು ಏನೂ ಕೇಳಿಲ್ಲ ಭಾವ, ಅಕ್ಕನನ್ನು ನೋಡಲು ಬಂದೀನಿ ಎಂದೆ. ಅದೂ ಅಕ್ಷರಶಃ ಸತ್ಯವಾಗಿತ್ತು.

ಬಿಳಿ ಕಾರು ಮಾರಾಟವಾಯಿತು. ಅದನ್ನು ಮಾರಿಸಿಕೊಟ್ಟವನೂ ದಲ್ಲಾಳಿಯೇ. ಅದಕ್ಕೆ ಬೇರೆ ಕಮಿಷನ್. ಬ್ಯಾಂಕಿನ ಪಾಲು ಬ್ಯಾಂಕಿಗೆ ಹೋಗಿ, ಉಳಿದದ್ದಕ್ಕೆ ಅಕ್ಕ ಎಲ್ಲಿಂದಲೋ ಇನ್ನಷ್ಟು ಕೂಡಿಸಿ, ಟ್ರಂಕಿನ ಖಾಲಿ ಅರ್ಧ ತುಂಬಿತು. ಗಾಜಿನ ಮೇಲಿನ ಕೃಪೆಯನ್ನು ಕೊಂಡವನು ಬ್ಲೇಡಿನಿಂದ ಕೆರೆದು ತೆಗೆದನಂತೆ.

ತಂಗಿ ರೊಕ್ಕ ಕಟ್ಟಿಕೊಂಡು ಹೈದರಾಬಾದಿನ ಮಾಲೀಕನಿಗೆ ಫೋನು ಮಾಡಿದರೆ, ಅವನು ಮಾರಾಟದ ಮಾತೆಲ್ಲ ಅಲ್ಲಿಯ ಒಬ್ಬ ನಂಬಿಗಸ್ತನಿಗೆ ಒಪ್ಪಿಸಿದ್ದೇನೆ, ಅವನ ಜೊತೆ ಮಾತಾಡಿ ಎಂದ. ನಂಬಿಗಸ್ತ ಯಾರು ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಬೇರೆಯವರು ಹೆಚ್ಚಿನ ರೇಟು ಹೇಳಿದ್ದರೂ, ಗದ್ವಾಲದ ಕಟ್ಟೆಯ ಕೆಲಸ ಮುಗಿಯುವವರೆಗೆ ಅವನೇ ಮಾಲೀಕನನ್ನು ತಡೆದು ನಿಲ್ಲಿಸಿದ್ದ. ದಯೆಯಿಂದಲ್ಲ, ಮಳಿಗೆ ಬೇರೆಯವರಿಗೆ ಹೋದರೆ ಭಾವನ ವಸೂಲಿಯೇ ಬೇಡವಾಗಿ, ಅವನ ನೂರಕ್ಕೆ ಮೂರೂ ನಿಂತುಹೋಗುತ್ತಿತ್ತು. ನಡುವೆ ನಿಂತವನಿಗೆ ಎರಡೂ ದಡ ಒಟ್ಟಿಗೆ ಕಾಣುತ್ತವೆ ಎಂಬುದನ್ನು ನಾನು ಆಗ ಒಪ್ಪಿಕೊಂಡೆ. ಅವನ ಮೇಲಿನ ದ್ವೇಷ ಅದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ವಸೂಲಿಯದು, ಮಳಿಗೆಯದು ಎಂದು ಅವನ ಕಮಿಷನ್ ಎಲ್ಲ ಕೂಡಿದಾಗ ತಂಗಿಯ ಹತ್ತಿರ ಅಷ್ಟು ಉಳಿದಿರಲಿಲ್ಲ. ನೋಂದಣಿ ಕಚೇರಿಯ ಹೊರಗೆ ಇಬ್ಬರೂ ಬಹಳ ಹೊತ್ತು ಜಗಳವಾಡಿದರು. ಕೊನೆಗೆ ಅವನು ರೊಕ್ಕದ ಬದಲು ಒಂದು ಸಣ್ಣ ಅನುಕೂಲ ಮಾಡಿಕೊಟ್ಟರೆ ಸಾಕು ಎಂದ. ಆಕೆ ಅವನ ಮುಖ ನೋಡಿದಳು, ಮಳಿಗೆಯ ಕಡೆ ನೋಡಿದಳು, ಹೂಂ ಎಂದಳು.

ಮಳಿಗೆ ಈಗ ತಂಗಿಯ ಹೆಸರಿನಲ್ಲಿದೆ. ಟ್ರಂಕಿನಲ್ಲಿ ಅವ್ವ ಚಾದರ ಇಡುತ್ತಾಳೆ. ಭಾವ ನಮ್ಮ ಮನೆಗೆ ಬರುವುದಿಲ್ಲ. ದಲ್ಲಾಳಿ ಬೆಳಗಿನಿಂದ ಊಟದ ಹೊತ್ತಿನವರೆಗೆ ತಂಗಿಯ ಮಳಿಗೆಯ ಕಟ್ಟೆಯ ಮೇಲೆ ಕೂತು ತನ್ನ ವ್ಯವಹಾರ ಮಾಡುತ್ತಾನೆ, ಬಾಡಿಗೆ ಇಲ್ಲ.